ತಟ್ಟೆ ಇಡ್ಲಿಗೆ ನೂರ ತೊಂಬತ್ತು ಆಂಪಿಯರ್

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಕನ್ನಡದ ಮಕ್ಕಳೆಲ್ಲ ಮೋಹನರಾಜನನ್ನು ‘ಆಂಪ್ಸ್ ಅಂಕಲ್’ ಎಂದೇ ಕರೆಯುತ್ತಿದ್ದವು. ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ, ತೈಲಬಾವಿಗಳಿಗೆ ಹೋಗುವ ದೊಡ್ಡ ಟ್ರಕ್ಕುಗಳ ಬ್ಯಾಟರಿ, ವೈರಿಂಗ್ ಎಲ್ಲ ಪರೀಕ್ಷೆ ಮಾಡುವುದು ಅವನ ಉದ್ಯೋಗ. ಶನಿವಾರ ಭಾನುವಾರ ಬಂತೆಂದರೆ ಅದೇ ಕೆಲಸ ಧರ್ಮಾರ್ಥ. ಯಾರದಾದರೂ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ ಅವನಿಗೆ ಫೋನು ಬರುತ್ತಿತ್ತು. ಇವನು ಮೀಟರಿನ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದ. ಕಾರು ಸರಿಹೋಗುತ್ತಿತ್ತು ನಿಜ, ಆದರೆ ಅದಕ್ಕೆ ಮುಂಚೆ ಮನೆಮಂದಿಯೆಲ್ಲ ಒಂದು ಭಾಷಣ ಕೇಳಬೇಕಾಗುತ್ತಿತ್ತು. ಕಾಫಿ ಕೊಟ್ಟು ಬಾಯಿ ಕಟ್ಟೋಣವೆಂದರೆ ಕಾಫಿ ಕುಡಿಯುತ್ತಲೇ ಮುಂದುವರಿಸುತ್ತಿದ್ದ.

“ಗೋಡೆ ಪ್ಲಗ್ಗಿನಲ್ಲಿ ಹದಿನೈದು ಆಂಪಿಯರಿಗೆ ಮುಗಿಯೋ ಕೆಲಸಕ್ಕೆ ಗಾಡಿಯ ಹನ್ನೆರಡು ವೋಲ್ಟ್ ಬ್ಯಾಟರಿ ನೂರೈವತ್ತು ಆಂಪಿಯರ್ ಕೊಡಬೇಕು. ವೋಲ್ಟೇಜ್ ಬಡವಾದಷ್ಟೂ ಕರೆಂಟು ಜಾಸ್ತಿ ದುಡೀಬೇಕು. ಅಷ್ಟು ಕರೆಂಟನ್ನ ಸಾಧಾರಣ ಮೀಟರಿನೊಳಗೆ ಬಿಟ್ರೆ ಮೀಟರೇ ಸುಟ್ಟುಹೋಗತ್ತೆ. ಅದಕ್ಕೇ ಇದು.”

ಇದು ಎಂದರೆ ಅವನ ಕ್ಲ್ಯಾಂಪ್ ಮೀಟರು. ಇಕ್ಕಳದ ಹಾಗೆ ಬಾಯಿ ತೆರೆಯುವ ಎರಡು ದವಡೆಗಳು ಅದಕ್ಕೆ. ವೈರನ್ನು ಕತ್ತರಿಸಬೇಕಾಗಿಲ್ಲ, ಬಿಚ್ಚಬೇಕಾಗಿಲ್ಲ. ದವಡೆಯ ನಡುವೆ ವೈರನ್ನಿಟ್ಟು ಬಾಯಿ ಮುಚ್ಚಿಸಿದರೆ ಸಾಕು, ವೈರಿನ ಸುತ್ತ ಹುಟ್ಟುವ ಕಾಂತಶಕ್ತಿಯನ್ನು ಹಿಡಿದು, ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳಿಬಿಡುತ್ತದೆ. ಬಳಸುವವನು ಮೂರು ನಿಯಮ ಮರೆಯಬಾರದು ಎನ್ನುತ್ತಿದ್ದ ಮೋಹನರಾಜ. ಅಳೆಯುವ ಮುಂಚೆ ಸೊನ್ನೆಗೆ ತರಬೇಕು, ಒಂದೇ ವೈರು ಹಿಡಿಯಬೇಕು, ಬಾಯಿ ಪೂರ್ತಿ ಮುಚ್ಚಿರಬೇಕು.

“ಕೊನೇದನ್ನ ಮೀಟರಿಗೆ ಮಾತ್ರ ಹೇಳ್ತಾರೆ, ತಾವು ಪಾಲಿಸಲ್ಲ,” ಎನ್ನುತ್ತಿದ್ದಳು ಅವನ ಹೆಂಡತಿ ರಾಜಲಕ್ಷ್ಮಿ.

ರಾಜಲಕ್ಷ್ಮಿ ತುಮಕೂರಿನವಳು. ಒಂದು ಶಾಲೆಯ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಳು. ಈ ವರ್ಷ ಬೇಸಿಗೆ ಶುರುವಾಗುವಷ್ಟರಲ್ಲಿ ಆ ಕೆಲಸ ಬಿಟ್ಟು, ತಾನು ಕೂಡಿಟ್ಟಿದ್ದರಲ್ಲಿ ಒಂದು ಹಳೆಯ ಕೊರಿಯರ್ ವ್ಯಾನು ಕೊಂಡಳು. ಅದಕ್ಕೆ ಅರಿಶಿನದ ಬಣ್ಣ ಹೊಡೆಸಿ, ಪಕ್ಕದಲ್ಲಿ ದೊಡ್ಡದಾಗಿ ‘ತಟ್ಟೆ ತುಂಬ’ ಎಂದು ಕನ್ನಡದಲ್ಲೇ ಬರೆಸಿದಳು. ಊರೂರಿಗೆ ಹೋಗಿ ಬಿಸಿ ತಟ್ಟೆ ಇಡ್ಲಿ ಮಾರಬೇಕೆನ್ನುವುದು ಅವಳ ಆಸೆ. ಅದು ನಿನ್ನೆ ಮೊನ್ನೆಯದಲ್ಲ, ಮಗಳು ದಿಯಾ ಹುಟ್ಟುವುದಕ್ಕೆ ಮುಂಚಿನದು.

ಮೋಹನರಾಜನಿಗೆ ಇದು ಸರಿಬರಲಿಲ್ಲ. ಊಟಕ್ಕೆ ಕೂತಾಗ ಒಂದು ದಿನ ಅಂದೇಬಿಟ್ಟ: “ಈ ವ್ಯಾನ್ ನಿನ್ನ ಹುಚ್ಚು, ರಾಜಿ. ನನ್ನನ್ನ ಅದರಲ್ಲಿ ಸೇರಿಸ್ಬೇಡ. ನಾನು ಬರೀ ವೈರ್‌ಮನ್. ವೈರ್ ಎಳ್ಕೊಡಿ ಅಂದ್ರೆ ಎಳ್ಕೊಡ್ತೀನಿ, ಅಷ್ಟೆ.”

“ಆಯ್ತು,” ಎಂದಳು ರಾಜಲಕ್ಷ್ಮಿ, ಇನ್ನೊಂದು ಸೌಟು ಸಾರು ಬಡಿಸುತ್ತಾ.

ಹೆಂಡತಿ ಜಗಳವಾಡಿದರೆ ಅದು ಅಲ್ಲಿಗೆ ಮುಗಿಯುತ್ತದೆ, ‘ಆಯ್ತು’ ಎಂದರೆ ಆಗಷ್ಟೇ ಶುರುವಾಯಿತೆಂದು ಅರ್ಥ. ಇದು ಗೊತ್ತಿಲ್ಲದ ಗಂಡ ಭೂಮಿಯ ಮೇಲಿಲ್ಲ. ಮೋಹನರಾಜನಿಗೂ ಗೊತ್ತಿತ್ತು. ಆಡಿದ ಮರುಗಳಿಗೆಯೇ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆನಿಸಿತ್ತು, ಆದರೆ ಹೇಗೆಂದು ತಿಳಿಯಲಿಲ್ಲ. ಅದರ ಬದಲು ವ್ಯಾನಿಗೆ ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ ಎಳೆದ, ಒಳ್ಳೆಯ ಬ್ಯಾಟರಿಗಳನ್ನು ಕೂರಿಸಿದ, ಅವುಗಳಿಂದ ಮನೆಯ ಕರೆಂಟು ತಯಾರಿಸುವ ಇನ್ವರ್ಟರ್ ಇಟ್ಟ. ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿ ಮಾಡಿದ. ರಾಜಲಕ್ಷ್ಮಿ “ಥ್ಯಾಂಕ್ಸ್” ಎಂದಳು, ಪ್ಲಂಬರಿಗೆ ಹೇಳುವ ಹಾಗೆ. ಆ ಥ್ಯಾಂಕ್ಸು ಅವನಿಗೆ ಬಹಳ ದಿನ ಚುಚ್ಚುತ್ತಿತ್ತು.

ಅಷ್ಟರಲ್ಲಿ ಡಾಲಸ್ಸಿನಿಂದ ಶ್ರೀಪತಿ ಎಂಬವರ ಫೋನು ಬಂತು. ಅಲ್ಲಿಯ ಕನ್ನಡಿಗರ ದಸರಾ ಮೇಳದಲ್ಲಿ ಊಟ ತಿಂಡಿಯ ಉಸ್ತುವಾರಿ ಅವರದು. ಮೇಳ ನಡೆಯುವುದು ಒಂದು ಶಾಲೆಯ ಮೈದಾನದಲ್ಲಿ. ಬೆಂಕಿ ಬೇಡ, ಗ್ಯಾಸ್ ಸಿಲಿಂಡರ್ ಬೇಡ, ಜನರೇಟರಿನ ಸದ್ದೂ ಬೇಡ ಎಂದು ಶಾಲೆಯವರ ಕಟ್ಟಪ್ಪಣೆ.

“ನಿಮ್ಮ ವ್ಯಾನಲ್ಲಿ ಎಲ್ಲಾ ಬ್ಯಾಟರಿ ಮೇಲೇನೇ ನಡಿಯತ್ತಂತಲ್ಲ ಮೇಡಂ? ಹಾಗಿದ್ರೆ ಅಲ್ಲಿ ಬಿಸಿ ತಿಂಡಿ ಅಂದ್ರೆ ನಿಮ್ಮದೊಂದೇ. ಜನ ಮುಗಿಬೀಳ್ತಾರೆ. ಆದ್ರೆ ನಡೂಮಧ್ಯೆ ಕೈಕೊಡಬಾರದು.”

“ಕೈಕೊಡಲ್ಲ,” ಎಂದಳು ರಾಜಲಕ್ಷ್ಮಿ. ಹೇಳುವಾಗ ಅವಳ ಕಣ್ಣು ಗಂಡನ ಕಡೆ ತಿರುಗಿ, ಹಾಗೇ ಕಿಟಕಿಯ ಕಡೆ ಹೋಯಿತು.

ಆಯುಧಪೂಜೆಯ ದಿನ ಪಕ್ಕದ ಊರು ಸ್ಟಾಫರ್ಡಿನಿಂದ ಚೆಂಡುಹೂವು ತಂದು ವ್ಯಾನಿನ ಮೂತಿಗೆ ಮಾಲೆ ಹಾಕಿದಳು. ಬೂದುಗುಂಬಳಕಾಯಿ ಒಡೆದಳು, ನಾಲ್ಕು ಚಕ್ರದಡಿಗೂ ನಿಂಬೆಹಣ್ಣು ಇಟ್ಟಳು. ಮಿಕ್ಸಿಗೆ, ಇಂಡಕ್ಷನ್ ಒಲೆಗಳಿಗೆ, ಸೌಟು ಸಟ್ಟುಗಗಳಿಗೆ ಕುಂಕುಮ ಇಟ್ಟಳು. ನಾಯಿ ಓಡಾಡಿಸಲು ಬಂದ ಎದುರುಮನೆಯ ಅಮೆರಿಕನ್ ಮುದುಕರು ನಿಂತು ನೋಡಿ, ಒಂದು ಬಾಳೆಹಣ್ಣು ತೆಗೆದುಕೊಂಡು ಹೋದರು. ಮೋಹನರಾಜ ಕೈಕಟ್ಟಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಅವನಿಗೆ ದೇವರ ಮೇಲೆ ಕೋಪವೇನಿಲ್ಲ, ಅಳತೆಗೆ ಸಿಗುವುದಿಲ್ಲವೆಂಬುದಷ್ಟೇ ತಕರಾರು.

“ಮೀಟರ್ ಕೊಡ್ತೀರಾ? ಒಂದು ಬೊಟ್ಟು ಇಡ್ತೀನಿ,” ಎಂದಳು. ಪ್ರತಿವರ್ಷವೂ ಕೇಳುತ್ತಿದ್ದಳು.

“ಅದಕ್ಕೆ ಮಾತ್ರ ಬೇಡ,” ಎಂದ. ಪ್ರತಿವರ್ಷವೂ ಹಾಗೆಯೇ ಹೇಳುತ್ತಿದ್ದ.

ಅವಳು ಪ್ರಸಾದ ಹಂಚಲು ಹಿಂದಿನ ಬೀದಿಗೆ ಹೋದಳು. ಗ್ಯಾರೇಜಿನಲ್ಲಿ ಊದುಬತ್ತಿ ಇನ್ನೂ ಉರಿಯುತ್ತಿತ್ತು. ಮೋಹನರಾಜ ವ್ಯಾನಿನ ಮುಂದೆ ನಿಂತ. ಕೆಲಸ ಬಿಟ್ಟಾಗಿನಿಂದ ರಾಜಿ ಅಕ್ಕಿ ತೊಳೆಯುವಾಗ ಗುನುಗುತ್ತಾಳೆಂಬುದು ಅವನ ಗಮನಕ್ಕೆ ಬಂದಿತ್ತು. ನಾಳಿದ್ದು ಡಾಲಸ್ಸಿನಲ್ಲಿ, ಅಷ್ಟು ಜನರೆದುರು, ಈ ವ್ಯಾನು ಕೆಟ್ಟು ನಿಂತರೆ ಆ ಗುನುಗು ನಿಂತುಹೋಗುತ್ತದೆ. ನಿಲ್ಲಿಸಿದವನು ತಾನೇ ಆಗುತ್ತಾನೆ. ಇದನ್ನು ನೆನೆದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಆಮೇಲೆ ಅವನು ಮಾಡಿದ್ದನ್ನು ಯಾರಾದರೂ ಕಂಡಿದ್ದರೆ ಶುಗರ್ ಲ್ಯಾಂಡಿನಲ್ಲಿ ವರ್ಷವಿಡೀ ಅದೇ ಮಾತಾಗುತ್ತಿತ್ತು. ಪೆಟ್ಟಿಗೆಯಿಂದ ಮೀಟರು ತೆಗೆದು ವ್ಯಾನಿನ ಮೆಟ್ಟಿಲ ಮೇಲೆ ಇಟ್ಟ. ಕುಂಕುಮ ಇಡಬೇಕಾದದ್ದು ಹಣೆಗೆ. ಮೀಟರಿಗೆ ಹಣೆ ಎಲ್ಲಿ? ದವಡೆಯೇ ತಲೆಯಲ್ಲವೇ ಎಂದು ಅಲ್ಲಿ ಬೊಟ್ಟಿಟ್ಟ. ಸಾಲದೆನಿಸಿ, ಬಾಯಿ ತೆರೆಸಿ ಒಳಗೂ ಒಂದು ಇಟ್ಟ. ಹಾಗೇ ಹಿಡಿದುಕೊಂಡು, ತಟ್ಟೆಯಲ್ಲಿದ್ದ ಅಕ್ಷತೆಯನ್ನು ಚಿಟಿಕೆ ತೆಗೆದು ಮೇಲೆ ಹಾಕಿದ. ಮಂತ್ರ ಒಂದೂ ಬಾರದು. “ನಿಜ ಹೇಳಪ್ಪ,” ಎಂದ ಮೀಟರಿಗೆ. “ರಾಜಿ ವ್ಯಾನ್ ನಿಲ್ಲದ ಹಾಗೆ ನೋಡ್ಕೋ.”

ಮುಂಬಾಗಿಲು ತೆರೆದ ಸದ್ದಾಯಿತು. ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ಹುಡುಗನಂತೆ ಗಾಬರಿಯಾಗಿ, ಕರ್ಚೀಫಿನಿಂದ ಸರಸರನೆ ಒರೆಸಿ, ಮೀಟರನ್ನು ಪೆಟ್ಟಿಗೆಯೊಳಗೆ ತುರುಕಿದ.

ಪೂಜೆಗಿಟ್ಟ ಆಯುಧವನ್ನು ಆ ದಿನ ಬಳಸುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ. ಕೊನೆಯ ಪರೀಕ್ಷೆ ಅವತ್ತೇ ಆಯಿತು. ಇಡ್ಲಿ ಬೇಯಿಸುವ ಎರಡು ಇಂಡಕ್ಷನ್ ಒಲೆಗಳನ್ನೂ ಹಚ್ಚಿಸಿ ಕೇಬಲ್ಲಿಗೆ ಮೀಟರು ಹಾಕಿದ. ಸೊನ್ನೆಗೆ ತಂದ, ಒಂದೇ ವೈರು ಹಿಡಿದ. ನೂರ ನಲವತ್ತು ಆಂಪಿಯರ್ ಎಂದಿತು. ಚಟ್ನಿಯ ಮಿಕ್ಸಿಯನ್ನೂ ಅರೆಗಳಿಗೆ ತಿರುಗಿಸಿ ನೋಡಿದ. ನೂರ ತೊಂಬತ್ತರ ಒಳಗೇ ಇತ್ತು. ಕೇಬಲು ಮುಟ್ಟಿದರೆ ಸ್ವಲ್ಪ ಬೆಚ್ಚಗಿದ್ದಂತೆ ಕಂಡಿತು, ಆದರೆ ಹ್ಯೂಸ್ಟನ್ನಿನ ಗ್ಯಾರೇಜಿನಲ್ಲಿ ಅಕ್ಟೋಬರಿನಲ್ಲೂ ಬೆಚ್ಚಗಿಲ್ಲದ ವಸ್ತು ಯಾವುದಿದೆ? ಓದುವ ಕನ್ನಡಕ ನೆತ್ತಿಯ ಮೇಲೆ ಕೂತಿತ್ತು. ಅಂಕಿ ದೊಡ್ಡದಾಗಿತ್ತು, ಕನ್ನಡಕ ಇಳಿಸುವ ಗೋಜಿಗೆ ಹೋಗಲಿಲ್ಲ.

“ಇನ್ನೂರು ಆಂಪಿಯರಿನ ಫ್ಯೂಸು ಸಾಕು. ಫ್ಯೂಸ್ ಸಣ್ಣದಿದ್ದಷ್ಟೂ ಕ್ಷೇಮ. ಎರಡು ಒಲೆ, ಮಿಕ್ಸಿ, ಮೂರನ್ನೂ ಒಟ್ಟಿಗೆ ಓಡಿಸು, ಯೋಚನೆ ಇಲ್ಲ,” ಎಂದ.

“ಸರಿಯಾಗಿ ನೋಡಿದ್ರಾ?”

“ನಾನು ನೋಡೋದೇನು, ಮೀಟರ್ ಹೇಳ್ತಿದೆಯಲ್ಲ.”

ಮೇಳದ ದಿನ ಬೆಳಿಗ್ಗೆಯೇ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡಿ ಡಾಲಸ್ ಮುಟ್ಟಿದರು. ಮಗಳು ದಿಯಾ ಕೆಲಸ ಮಾಡುವುದು ಆಸ್ಟಿನ್ನಿನಲ್ಲಿ. ಅವಳು ಅಲ್ಲಿಂದ ನೇರವಾಗಿ ತನ್ನ ಕಾರಿನಲ್ಲಿ ಬಂದು ಮೈದಾನದ ಗೇಟಿನಲ್ಲೇ ನಿಂತಿದ್ದಳು. ಪಕ್ಕದ ಮಳಿಗೆ ಸ್ಟಾಫರ್ಡಿನ ದಾನಪ್ಪನದು. ಹುಬ್ಬಳ್ಳಿಯವನು, ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ. ಬೆಂಕಿ ಬೇಡದ ಗಿರ್ಮಿಟ್ಟು ಅವನ ವ್ಯಾಪಾರ. ಮಂಡಕ್ಕಿಯ ಮೂಟೆ ಇಳಿಸುತ್ತಾ, “ವೈನಿ, ಮೊದಲನೇ ತಟ್ಟಿ ನನಗ್ರಿ,” ಎಂದು ರಾಜಲಕ್ಷ್ಮಿಗೆ ಕೂಗಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ವೇದಿಕೆಯ ಮೇಲೆ ಮಕ್ಕಳ ಕೋಲಾಟ ನಡೆದಿತ್ತು, ವ್ಯಾನಿನ ಮುಂದೆ ಸಾಲು ಬೆಳೆದಿತ್ತು. ರಾಜಲಕ್ಷ್ಮಿ ಮುಚ್ಚಳ ತೆಗೆದಾಗ ಎದ್ದ ಹಬೆಗೆ ಸಾಲಿನಲ್ಲಿದ್ದವರ ಮುಖಗಳೇ ಬದಲಾದವು. ಮೊದಲ ಇಡ್ಲಿಗಳು ಹೋದವು, ಎರಡನೆಯ ಸಲದವೂ ಹೋದವು. ಬಿಸಿಲಿಗೆ ತೆಂಗಿನಕಾಯಿ ಚಟ್ನಿ ಹಳಸಬಾರದೆಂದು ಆಗಾಗಲೇ ರುಬ್ಬಿ ಬಡಿಸುವ ಏರ್ಪಾಡು. ಅವಳು ಮಿಕ್ಸಿ ಹಾಕಿದಳು. ಅದು ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ವ್ಯಾನಿನ ಹಿಂದೆ ಟಪ್ಪೆಂದು ಏನೋ ಸದ್ದಾಗಿ, ಒಲೆಗಳ ಕೆಂಪು ದೀಪ ಆರಿ, ಎಲ್ಲವೂ ತಣ್ಣಗಾಯಿತು.

ಮೋಹನರಾಜ ಹಿಂಬಾಗಿಲಿಗೆ ಓಡಿದ. ಹೋಗಿ ನೋಡಿದರೆ ಫ್ಯೂಸು ಹೋಗಿತ್ತು. ಅವನು ಮುಂದಾಲೋಚನೆಯ ಮನುಷ್ಯ, ಎರಡು ಹೆಚ್ಚಿನ ಫ್ಯೂಸು ತಂದಿದ್ದ. ಒಂದನ್ನು ಹಾಕಿ, “ಫ್ಯೂಸೇ ಸರಿ ಇಲ್ಲ. ಈಗಿನ ಕಾಲದ ಮಾಲು,” ಎಂದ.

“ಕುಣೀಲಾರದಾಕಿ ನೆಲ ಡೊಂಕ ಅಂದಿದ್ಲಂತ್ರಿ,” ಎಂದ ದಾನಪ್ಪ ಮಂಡಕ್ಕಿ ಕಲಸುತ್ತಾ.

ಒಲೆ ಹತ್ತಿತು, ಸಾಲು ಮುಂದೆ ಸರಿಯಿತು. ಅರ್ಧ ಬೆಂದಿದ್ದ ಇಡ್ಲಿಗಳನ್ನು ರಾಜಲಕ್ಷ್ಮಿ ತೆಗೆದು ಬದಿಗಿಟ್ಟು ಹೊಸ ಹಿಟ್ಟು ಹೊಯ್ದಳು. ಅವು ಬೆಂದು, ಮತ್ತೆ ಚಟ್ನಿ ರುಬ್ಬುವ ಹೊತ್ತು ಬಂತು. ಮಿಕ್ಸಿ ಇನ್ನೂ ನಿಂತಿರಲಿಲ್ಲ, ಮತ್ತೆ ಟಪ್ಪೆಂದಿತು.

ಸಾಲಿನಲ್ಲಿ ಗುಜುಗುಜು ಶುರುವಾಯಿತು. ಶ್ರೀಪತಿ ಎಲ್ಲಿಂದಲೋ ಓಡಿಬಂದು, “ಏನ್ ಸಾರ್, ಎಷ್ಟೊತ್ತಾಗತ್ತೆ? ಜನಕ್ಕೆ ಏನು ಹೇಳ್ಲಿ?” ಎಂದರು. ಆ ಅಳತೆಯ ಫ್ಯೂಸು ಹತ್ತಿರದ ಅಂಗಡಿಗಳಲ್ಲಿ ಸಿಗುವುದೇ ಎಂದು ದಿಯಾ ಫೋನಿನಲ್ಲಿ ಹುಡುಕಿದಳು. “ನೋಪ್, ಅಪ್ಪ. ಆರ್ಡರ್ ಮಾಡ್ಬೇಕಂತೆ. ಎಷ್ಟಿದೆ ನಿನ್ಹತ್ರ?”

“ಇದೊಂದೇ,” ಎಂದ ಮೋಹನರಾಜ.

ದಾನಪ್ಪ ಗಿರ್ಮಿಟ್ಟಿನ ಪೊಟ್ಟಣಗಳನ್ನು ತಟ್ಟೆಯಲ್ಲಿಟ್ಟುಕೊಂಡು ಸಾಲಿನುದ್ದಕ್ಕೂ ಹಂಚಲು ಹೊರಟ. “ಇದು ಕಾಯೋರಿಗ್ರಿ. ಇಡ್ಲಿ ಬಂದ್ರ ರೊಕ್ಕ ಬ್ಯಾಡ, ಬರ್ಲಿಲ್ಲಂದ್ರೂ ಬ್ಯಾಡ.”

ಮೋಹನರಾಜ ಕೊನೆಯ ಫ್ಯೂಸನ್ನು ಕೈಯಲ್ಲಿ ಹಿಡಿದು ವ್ಯಾನಿನ ಹಿಂಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮೀಟರು ನೂರ ನಲವತ್ತು ಎಂದಿದೆ, ಮಿಕ್ಸಿ ಸೇರಿದರೂ ಇನ್ನೂರು ದಾಟುವುದಿಲ್ಲ. ಒಂದು ಫ್ಯೂಸು ಕೆಟ್ಟದ್ದಿರಬಹುದು, ಎರಡೂ ಇರಲಾರವು. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ರಾಜಲಕ್ಷ್ಮಿ. ಕೈಯಲ್ಲಿ ಸೌಟು ಹಾಗೇ ಇತ್ತು, ಹಿಟ್ಟು ತೊಟ್ಟಿಕ್ಕುತ್ತಿತ್ತು. ಅವಳು ಕೂಗಾಡಲಿಲ್ಲ, ಅತ್ತೂ ಇರಲಿಲ್ಲ.

“ವೈರ್‌ಮನ್ ಕೆಲಸಾನಾದ್ರೂ ಮನಸ್ಸಿಟ್ಟು ಮಾಡ್ಬಹುದಿತ್ತು ನೀವು,” ಎಂದಳು ಮೆಲ್ಲಗೆ.

ಆ ಮಾತು ಅವನಿಗೆ ನಾಟಿತು. ತಾನು ಒಂದೊಂದು ನಟ್ಟನ್ನು ಎರಡು ಸಲ ಬಿಗಿ ಮಾಡಿದ್ದನ್ನು ಹೇಳೋಣವೆನಿಸಿತು. ಹೇಳಿ ಏನು ಪ್ರಯೋಜನ? ಒಲೆ ಆರಿತ್ತು. ಎದುರಿಗೆ ಊರ ಜನ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಅವಳು ಇಷ್ಟು ವರ್ಷ ಕಾದದ್ದು ಇದಕ್ಕೇನು?

ಕೊನೆಯ ಫ್ಯೂಸು ಹಾಕಿದ. ಮಿಕ್ಸಿ ಮುಟ್ಟಬೇಡ, ಒಲೆ ಎರಡನ್ನೂ ಹಚ್ಚು ಎಂದು ಕೈಸನ್ನೆ ಮಾಡಿದ. ಮೀಟರು ತೆಗೆದು ಸೊನ್ನೆಗೆ ತಂದು ಕೇಬಲ್ಲಿಗೆ ಹಾಕಿದ. ನೂರ ನಲವತ್ತು. ಗ್ಯಾರೇಜಿನಲ್ಲಿ ಹೇಳಿದ್ದನ್ನೇ ಹೇಳಿತು, ಗಿಣಿಯ ಹಾಗೆ. ಕೇಬಲನ್ನು ಹಿಡಿದು ನೋಡಿದರೆ ಬಿಸಿಯಾಗಿತ್ತು, ನೂರ ನಲವತ್ತಕ್ಕೆ ಆಗುವ ಬಿಸಿಯಲ್ಲ. ಸಿಟ್ಟು ಬಂದು ಮೀಟರಿನ ದವಡೆಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಅಮುಕಿದ.

ಅಂಕಿ ನೂರ ಅರವತ್ತಕ್ಕೆ ಹಾರಿತು. ಕೈ ಬಿಟ್ಟ, ಮತ್ತೆ ನೂರ ನಲವತ್ತು.

ನೆತ್ತಿಯ ಮೇಲಿನ ಕನ್ನಡಕ ಆಗ ಮೂಗಿಗೆ ಇಳಿಯಿತು. ದವಡೆಗಳ ತುದಿಯಲ್ಲಿ ದಪ್ಪ ದಾರದಷ್ಟು ಅಗಲದ ಸಂದು ಕಾಣಿಸುತ್ತಿತ್ತು. ಬಾಯಿ ಪೂರ್ತಿ ಮುಚ್ಚಿರಲಿಲ್ಲ, ಅದಕ್ಕೇ ಅಂಕಿ ಕಡಿಮೆ ತೋರಿಸುತ್ತಿತ್ತು. ಇಡೀ ಶುಗರ್ ಲ್ಯಾಂಡಿಗೆ ಪಾಠ ಹೇಳಿದ ಮೂರನೆಯ ನಿಯಮ! ಮೀಟರನ್ನು ಕೇಬಲ್ಲಿನಿಂದ ಬಿಡಿಸಿ ಬಾಯಿ ತೆರೆಸಿದ. ಒಳತುಟಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ಅದರ ನಡುವೆ, ಅರಿಶಿನ ಹಚ್ಚಿದ ಒಂದು ಸೋನಾ ಮಸೂರಿ ಅಕ್ಕಿ ಅಂಟಿ ಕೂತಿತ್ತು. ಉಗುರಿನಿಂದ ಮೀಟಿದ. ಅದು ಅವನ ಅಂಗೈ ಮೇಲೆ ಬಿತ್ತು.

ನಿಜ ಹೇಳಪ್ಪ ಎಂದು ಬೇಡಿಕೊಂಡಿದ್ದೇ ಅದರ ಬಾಯಿ ಕೆಡಿಸಿತ್ತು.

“ಏನದು?” ಎಂದಳು ರಾಜಲಕ್ಷ್ಮಿ ಬಗ್ಗಿ.

ಅವನು ಅಂಗೈ ಮುಂದೆ ಚಾಚಿದ. ಅವಳು ಅಂಗೈಯನ್ನೂ ಮೀಟರನ್ನೂ ನೋಡಿದಳು. “ನಾನಂತೂ ನಿಮ್ಮ ಮೀಟರ್ ಮುಟ್ಟಿಲ್ಲ. ಬೇಡ ಅಂದ್ರಿ, ಬಿಟ್ಟೆ.”

“ಗೊತ್ತು.”

“ಮತ್ತೆ?”

“ನಾನೇ,” ಎಂದ ಮೋಹನರಾಜ. ಕಿವಿ ಬಿಸಿಯಾಗಿತ್ತು. “ನೀನು ಪ್ರಸಾದ ಕೊಡೋಕೆ ಹೋಗಿದ್ಯಲ್ಲ, ಆಗ. ವ್ಯಾನ್ ನಿಲ್ಲಬಾರದು ಅಂತ.”

“ವೇಟ್,” ಎಂದಳು ದಿಯಾ, ತಟ್ಟೆಗಳ ರಾಶಿ ಹಿಡಿದು ಬಂದವಳು. “ಅಪ್ಪ ಡಿಡ್ ಪೂಜಾ?”

ರಾಜಲಕ್ಷ್ಮಿ ಗಂಡನನ್ನು ಒಂದು ಗಳಿಗೆ ನೋಡಿದಳು. ಮದುವೆಯಾದ ಹೊಸದರಲ್ಲಿ, ಮೈಸೂರಿನ ಅತ್ತೆಮನೆಯಲ್ಲಿ, ಇವನು ಯಾರೆಂದು ತಿಳಿಯಲು ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಒಣಬಟ್ಟೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. “ಒರೆಸಿ. ಸರಿಯಾಗಿ ಒರೆಸಿ. ಜನ ಕಾಯ್ತಿದ್ದಾರೆ.”

ಅಕ್ಕಿಕಾಳನ್ನು ಎಸೆಯಲು ಅವನಿಗೆ ಕೈಬರಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ. ದವಡೆಗಳನ್ನು ಒರೆಸಿ, ಊದಿ, ಸಂದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ ಮತ್ತೆ ಅಳೆದ. ನೂರ ತೊಂಬತ್ತು. ಬರೀ ಒಲೆಗಳೇ ನೂರ ತೊಂಬತ್ತು ತಿನ್ನುತ್ತಿದ್ದವು. ಮಿಕ್ಸಿ ಸೇರಿದರೆ ಇನ್ನೂರೈವತ್ತು. ಪಾಪ, ಫ್ಯೂಸುಗಳು ತಮ್ಮ ಧರ್ಮ ಪಾಲಿಸಿ ಸತ್ತಿದ್ದವು.

“ರಾಜಿ, ತಪ್ಪು ನನ್ನದೇ. ಫ್ಯೂಸಿಂದು ಏನೂ ಇಲ್ಲ,” ಎಂದ. “ಮೂರೂ ಒಟ್ಟಿಗೆ ಆಗಲ್ಲ. ರುಬ್ಬೋವಾಗ ಒಂದು ಒಲೆ ಆರಿಸ್ಬೇಕು. ನಾನಿಲ್ಲೇ ಮೀಟರ್ ಹಿಡ್ಕೊಂಡು ಕೂತಿರ್ತೀನಿ. ನಾನು ಹೇಳಿದಾಗ ಮಿಕ್ಸಿ ಹಾಕು.”

“ಆಯ್ತು,” ಎಂದಳು.

ಆ ‘ಆಯ್ತು’ ಬೇರೆಯಾಗಿತ್ತು. ಬಿಸಿನೀರಿನ ಸ್ನಾನ ಮಾಡಿದಂತೆ ಮೋಹನರಾಜನ ಮೈ ಹಗುರವಾಯಿತು.

ಮಧ್ಯಾಹ್ನವೆಲ್ಲ ಅದೇ ನಡೆಯಿತು. ಒಳಗಿನಿಂದ ಅವಳು, “ರೀ, ರುಬ್ಲಾ?” ಎನ್ನುವಳು. ಇವನು, “ಎಡಗಡೆ ಒಲೆ ಆರಿಸು... ಹೂಂ, ರುಬ್ಬು,” ಎನ್ನುವನು. ಅಂಕಿ ಏರುವುದು, ಇಳಿಯುವುದು. ಬಿಸಿಲು ಅವನ ಬೆನ್ನ ಮೇಲೇ ಇತ್ತು, ಅದು ಅವನಿಗೆ ತಿಳಿಯಲೇ ಇಲ್ಲ. ಸಾಲಿನಲ್ಲಿದ್ದ ಹುಡುಗರಿಗೂ ಈ ಕೂಗು ಅಭ್ಯಾಸವಾಗಿ, ಅವಳು “ರುಬ್ಲಾ?” ಎಂದ ಕೂಡಲೇ ಅವರೆಲ್ಲ ಒಟ್ಟಿಗೆ “ರುಬ್ಬಿ ಆಂಟಿ” ಎನ್ನತೊಡಗಿದರು. ಶ್ರೀಪತಿ ಎರಡು ಸಲ ತಿಂದು, ಮೂರನೆಯ ಸಲ ತಾಯಿಗೆಂದು ಹೇಳಿ ಕಟ್ಟಿಸಿಕೊಂಡರು. ದಾನಪ್ಪ ಎಲ್ಲರಿಗಿಂತ ಕೊನೆಗೆ ತಟ್ಟೆ ಹಿಡಿದು ಬಂದ. “ಜಟ್ಟಿ ಬಿದ್ರೂ ಮೀಸಿ ಮಣ್ಣಾಗ್ಲಿಲ್ಲ ಬಿಡ್ರಿ,” ಎಂದು ಮೋಹನರಾಜನಿಗೆ ಹೇಳಿದ. ದಾನಪ್ಪನ ತಟ್ಟೆಗೆ ರಾಜಲಕ್ಷ್ಮಿ ಎರಡು ಇಡ್ಲಿ ಹೆಚ್ಚು ಹಾಕಿ, ಗಿರ್ಮಿಟ್ಟಿನ ದುಡ್ಡು ಎಷ್ಟಾಯಿತೆಂದು ಕೇಳಿದಳು. ಅವನು ಕಿವಿ ಕೇಳಿಸದವನಂತೆ ಇಡ್ಲಿ ಮುರಿಯತೊಡಗಿದ.

ಹೊತ್ತು ಇಳಿಯುವ ಮುಂಚೆಯೇ ಹಿಟ್ಟು ಮುಗಿಯಿತು. ದಿಯಾಳ ಪರಿಚಯದವರು, ಆಸ್ಟಿನ್ನಿನ ಕನ್ನಡ ಕೂಟದ ದಂಪತಿಗಳು, ಕೈತೊಳೆದು ಬಂದು ವ್ಯಾನಿನ ಕಿಟಕಿಯಲ್ಲಿ ನಿಂತರು. “ಆಂಟಿ, ರಾಜ್ಯೋತ್ಸವಕ್ಕೆ ನಮ್ಮಲ್ಲಿಗೆ ಬರ್ತೀರಾ? ನಮ್ಮ ಹಾಲ್‌ನಲ್ಲೂ ಗ್ಯಾಸ್ ಬಿಡಲ್ಲ.”

ರಾಜಲಕ್ಷ್ಮಿ ಸೌಟು ತೊಳೆಯುತ್ತಿದ್ದಳು. “ನಮ್ಮಿಬ್ಬರಿಗೂ ಬಿಡುವಿದ್ಯಾ ನೋಡಿ ಹೇಳ್ತೀನಿ,” ಎಂದಳು.

ಹಿಂದೆ ಕೇಬಲ್ ಸುತ್ತುತ್ತಿದ್ದ ಮೋಹನರಾಜನ ಕೈ ಅಲ್ಲೇ ನಿಂತಿತು. ನಮ್ಮಿಬ್ಬರಿಗೂ. ಕೇಳಿಸಿಕೊಂಡದ್ದು ಸರಿಯೋ ಎಂದು ಅವನು ಮತ್ತೊಮ್ಮೆ ಕಿವಿಗೊಟ್ಟ. ಅವಳು ಆಗಲೇ ಬೇರೆ ಮಾತಿಗೆ ಹೋಗಿದ್ದಳು. ನಗು ಬಂತು ಅವನಿಗೆ, ಯಾರೂ ನೋಡದ ಹಾಗೆ ನಕ್ಕ.

ದಿಯಾ ಕೋಲಾಟದ ಹುಡುಗಿಯರ ಕಡೆ ಹೋದಳು. ಮಳಿಗೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೋಹನರಾಜ ವ್ಯಾನಿನ ಮೆಟ್ಟಿಲ ಮೇಲೆ ಕೂತು ಮೀಟರನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ರಾಜಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು.

“ಎಲ್ಲಿ ಅದು?”

“ಯಾವ್ದು?”

“ಜೇಬಿಗೆ ಹಾಕ್ಕೊಂಡ್ರಲ್ಲ.”

ಅವನು ಜೇಬಿನಲ್ಲಿ ಬೆರಳಾಡಿಸಿ ಅಕ್ಕಿಕಾಳನ್ನು ಹುಡುಕಿ ತೆಗೆದ. ಅರಿಶಿನ ಇನ್ನೂ ಹೋಗಿರಲಿಲ್ಲ. “ಬಿಸಾಕು ಅದನ್ನ. ಅದರಿಂದಲೇ ಇಷ್ಟೆಲ್ಲ ಆಗಿದ್ದು.”

ರಾಜಲಕ್ಷ್ಮಿ ಬಿಸಾಕಲಿಲ್ಲ. ಅವನ ಅಂಗೈಯಿಂದ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಹಿಟ್ಟಿನ ಧೂಳು ಕೂತಿದ್ದ ತನ್ನ ತಲೆಯ ಮೇಲೆ ಹಾಕಿಕೊಂಡಳು.

“ನನಗೆ ಹಾಕ್ಬೇಕಾದ ಅಕ್ಷತೇನ ಮೀಟರಿಗೆ ಹಾಕಿದ್ರೆ ಅದೇನು ಮಾಡತ್ತೆ ಪಾಪ,” ಎಂದಳು. “ಏಳಿ, ಪಾತ್ರೆ ಎತ್ತಿಡೋಣ.”